ಶೂನ್ಯಮಾಸದಲ್ಲಿ ಮನೆ ನೋಡಿ, ಸಂಕ್ರಾಂತಿ ಕಳೆದ ಮೇಲೆ ಸಹಿ ಹಾಕಿ

ಪ್ರಶ್ನೆ: ನಾವು ಚಿಕ್ಕಬಳ್ಳಾಪುರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಈಗ 30×40 ಸೈಟಿನಲ್ಲಿ ಕಟ್ಟಿದ ಎಂಟು ವರ್ಷದ ಒಂದು ಮನೆ ನೋಡಿದ್ದೇವೆ. ಸ್ವಂತ ಬೋರ್ ಇದೆ. 62 ಲಕ್ಷ ಹೇಳಿದ್ದಾರೆ. ಸಂಕ್ರಾಂತಿಗೆ ಮೊದಲೇ ಅಗ್ರಿಮೆಂಟ್ ಮಾಡಿಕೊಂಡರೆ 60ಕ್ಕೆ ಕೊಡುತ್ತಾರಂತೆ. ನಮ್ಮ ಅತ್ತೆ ಧನುರ್ಮಾಸದಲ್ಲಿ ಬೇಡವೇ ಬೇಡ ಅನ್ನುತ್ತಾರೆ. ನಮ್ಮ ಯಜಮಾನರು ಇದನ್ನೆಲ್ಲ ಈಗ ಯಾರು ನೋಡುತ್ತಾರೆ, ಎರಡು ಲಕ್ಷ ಸುಮ್ನೆ ಬರುತ್ತಾ ಅನ್ನುತ್ತಾರೆ. ಚಳಿಗಾಲದಲ್ಲಿ ಮನೆ ಕೊಳ್ಳುವುದು ಒಳ್ಳೆಯದಾ? ಏನೇನು ನೋಡಬೇಕು?

ಉತ್ತರ: ಮೇಡಂ, ನಿಮ್ಮ ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಧನುರ್ಮಾಸ, ಅಂದರೆ ನಾವು ಶೂನ್ಯಮಾಸ ಅನ್ನುವುದು, ಡಿಸೆಂಬರ್ 16ರ ಸುಮಾರಿಗೆ ಹಿಡಿದು ಸಂಕ್ರಾಂತಿಗೆ ಬಿಡುತ್ತದೆ. ಈ ತಿಂಗಳಲ್ಲಿ ನಮ್ಮ ಕಡೆ ಮದುವೆ ಮಾಡುವುದಿಲ್ಲ, ಪಾಯ ತೆಗೆಯುವುದಿಲ್ಲ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಕಾನೂನಿನಲ್ಲಿ ಇಂಥ ತಡೆ ಏನೂ ಇಲ್ಲ. ಉಪನೋಂದಣಾಧಿಕಾರಿ ಕಚೇರಿ ಎಂದಿನ ಹಾಗೆ ತೆರೆದಿರುತ್ತದೆ, ನಿಮ್ಮ ಯಜಮಾನರು ಹೇಳುವ ಹಾಗೆ ನೋಂದಣಿ ಮಾಡಿಸುವವರೂ ಇದ್ದಾರೆ. ಆದರೂ ನಾನು ಅತ್ತೆಯವರ ಕಡೆಗೇ ನಿಲ್ಲುತ್ತೇನೆ. ಸಹಿ ಹಾಕಬಾರದು ಅಂದರೆ ಮನೆ ನೋಡಬಾರದು ಅಂತ ಅಲ್ಲ. ನಿಮಗೆ ಸುಮಾರು ಒಂದು ತಿಂಗಳು ಸಿಕ್ಕಿದೆ. ಆ ತಿಂಗಳನ್ನು ಪೂರ್ತಿ ಮನೆ ನೋಡುವುದಕ್ಕೆ, ಪತ್ರ ಓದುವುದಕ್ಕೆ ಬಳಸಿಕೊಳ್ಳಿ.

ನಾನು ಸಿವಿಲ್ ಎಂಜಿನಿಯರ್. ಸಾಲ ಕೊಡುವ ಮೊದಲು ಮನೆಗೆ ಬೆಲೆ ಕಟ್ಟಿಸಲು ಬ್ಯಾಂಕುಗಳು ನಮ್ಮಂಥವರನ್ನು ಕಳಿಸುತ್ತವೆ. ಇಪ್ಪತ್ತು ವರ್ಷದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಅಂತ ಇದೇ ಕೆಲಸಕ್ಕೆ ಓಡಾಡಿದ್ದೇನೆ. ಅದರಿಂದ ನನಗೆ ಗೊತ್ತಾಗಿರುವುದು ಇಷ್ಟು: ಚಳಿಗಾಲದಲ್ಲಿ ಮನೆಯ ಕೆಲವು ದೋಷ ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ, ಕೆಲವು ಪೂರ್ತಿ ಅಡಗಿ ಕೂತಿರುತ್ತದೆ. ತೇವ, ಬಿರುಕು ಕಾಣುತ್ತವೆ. ನೀರಿನ ಕೊರತೆ, ಬೇಸಿಗೆಯ ಧಗೆ ಕಾಣುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಜನರಿಗೆ ಹೆಚ್ಚು ಕಷ್ಟ ಕೊಡುವುದು ಈ ಕಾಣದ ಎರಡೇ. ಹಾಗಾಗಿ ನೀರಿನ ವಿಷಯ ಮೊದಲು ಹೇಳಿಬಿಡುತ್ತೇನೆ.

ಉತ್ತರ ಪಿನಾಕಿನಿ, ಪಾಲಾರ್ ಇವೆಲ್ಲ ಹುಟ್ಟುವುದು ನಂದಿಬೆಟ್ಟದ ಸುತ್ತಮುತ್ತಲೇ. ಆದರೂ ವರ್ಷಪೂರ್ತಿ ಹರಿಯುವ ಒಂದು ನದಿ ನಮಗಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆ, ಆಮೇಲೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ನವೆಂಬರ್‌ನಲ್ಲಿ ಒಂದಿಷ್ಟು, ಇಷ್ಟೇ ನಮ್ಮ ನೀರು. ಅದು ಭೂಮಿಗೆ ಇಳಿದು ಬೋರ್‌ಗೆ ಬರುವ ಹೊತ್ತಿಗೆ ಡಿಸೆಂಬರ್ ಆಗಿರುತ್ತದೆ. ಅಂದರೆ ನೀವು ಈಗ ನೋಡುತ್ತಿರುವುದು ಆ ಬೋರ್‌ನ ಅತಿ ಒಳ್ಳೆಯ ದಿನಗಳನ್ನು. ಮೋಟಾರ್ ಹಾಕಿದ ತಕ್ಷಣ ಪೈಪಿನ ತುಂಬ ನೀರು ಬಂತು ಅಂತ ಖುಷಿಪಟ್ಟು ಮುಂಗಡ ಕೊಟ್ಟವರನ್ನು ನಾನು ಬಹಳ ನೋಡಿದ್ದೇನೆ. ನನ್ನ ಸ್ವಂತ ತಮ್ಮನೂ ಹಾಗೇ ಮಾಡಿದ. ಜನವರಿಯಲ್ಲಿ ಮನೆ ತಗೊಂಡ. ಏಪ್ರಿಲ್ ಮೊದಲ ವಾರಕ್ಕೆ ಬೋರ್‌ನಲ್ಲಿ ಬರೀ ಗಾಳಿ. ಸಣ್ಣ ಮಗು ಇಟ್ಟುಕೊಂಡು ಎರಡು ತಿಂಗಳು ಟ್ಯಾಂಕರ್‌ಗೆ ಕಾದು ಕೂತರು. ಆ ಮನೆ ನೋಡಲು ನಾನೂ ಹೋಗಿದ್ದೆ. ಗೋಡೆ, ತಾರಸಿ ಎಲ್ಲ ತಟ್ಟಿ ನೋಡಿದೆ, ಬೋರ್ ಬಗ್ಗೆ ಒಂದು ಮಾತು ಕೇಳಲಿಲ್ಲ. ಆ ಬೇಸರ ಇವತ್ತಿಗೂ ಇದೆ. ಅದಕ್ಕೇ ನೀರಿನ ಬಗ್ಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೀಗೆ ಮಾಡಿ. ಮಾಲೀಕರಿಗೆ ಮೊದಲೇ ಹೇಳಿ, ಒಂದು ದಿನ ಬೋರ್ ಮೋಟಾರನ್ನು ಬಿಡದೆ ಎರಡು ಗಂಟೆ ಓಡಿಸಿ. ಶುರುವಿನಲ್ಲಿ 20 ಲೀಟರ್ ಬಕೆಟ್ ಹಿಡಿದು ಎಷ್ಟು ಸೆಕೆಂಡಿಗೆ ತುಂಬುತ್ತದೆ ಅಂತ ಮೊಬೈಲ್‌ನಲ್ಲಿ ನೋಡಿ. ಒಂದು ಗಂಟೆ ಆದ ಮೇಲೆ ಮತ್ತೆ ಹಿಡಿಯಿರಿ, ಎರಡು ಗಂಟೆಗೆ ಇನ್ನೊಮ್ಮೆ. 40 ಸೆಕೆಂಡಿಗೆ ತುಂಬಿದರೆ ಗಂಟೆಗೆ 1,800 ಲೀಟರ್ ಬಂದ ಹಾಗೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ. ಐದು ಜನರ ಮನೆಗೆ 675 ಲೀಟರ್ ಆಯಿತು. ಹಾಗಾಗಿ ಮೊದಲ ಬಕೆಟ್ ಹೇಗೂ ಚೆನ್ನಾಗಿಯೇ ಕಾಣುತ್ತದೆ. ನೀವು ನೋಡಬೇಕಾದ್ದು ಕೊನೆಯ ಬಕೆಟ್ ಅನ್ನು. ಡಿಸೆಂಬರ್‌ನಲ್ಲೇ 40 ಸೆಕೆಂಡು ಇದ್ದದ್ದು 90 ಆಯಿತು, ಇಲ್ಲವೇ ನೀರು ಬಿಟ್ಟು ಬಿಟ್ಟು ಬರಲು ಶುರುವಾಯಿತು ಅಂದರೆ ಬೇಸಿಗೆಯಲ್ಲಿ ಆ ಬೋರ್ ನಂಬಬೇಡಿ. ಬೋರ್ ಎಷ್ಟು ಅಡಿ, ಮೋಟಾರ್ ಎಷ್ಟು ಅಡಿಗೆ ಇಳಿಸಿದ್ದಾರೆ, ಕಳೆದ ಐದು ವರ್ಷದಲ್ಲಿ ಎಷ್ಟು ಸಲ ಪೈಪ್ ಸೇರಿಸಿ ಮೋಟಾರ್ ಕೆಳಗೆ ಬಿಟ್ಟಿದ್ದಾರೆ, ಇದನ್ನೂ ಕೇಳಿ. ನಮ್ಮಲ್ಲಿ ಸಾವಿರ ಅಡಿ ದಾಟಿದ ಬೋರ್ ಮಾಮೂಲಿ. ಆದರೆ ಮೋಟಾರ್ ಈಗಾಗಲೇ ತಳಕ್ಕೆ ಹತ್ತಿರ ಇದ್ದರೆ ಇನ್ನು ಇಳಿಸಲು ಜಾಗ ಇರುವುದಿಲ್ಲ. ಹೊಸ ಬೋರ್ ಕೊರೆಸುವ ಖರ್ಚು ಲಕ್ಷಗಟ್ಟಲೆ. ಇವರು ಬಿಡುತ್ತೇವೆ ಅನ್ನುವ ಎರಡು ಲಕ್ಷ ಅದರಲ್ಲೇ ಕರಗಿಹೋಗುತ್ತದೆ.

ಮಾಲೀಕರಿಗಿಂತ ಬೀದಿಯವರು ನಿಜ ಹೇಳುತ್ತಾರೆ. ಈಗ ಅವರೆಕಾಯಿ ಕಾಲ ಅಲ್ವಾ? ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಆ ಬೀದಿಗೆ ಹೋಗಿ. ಬಿಸಿಲು ಕಾಯಿಸುತ್ತಾ, ಮೆಟ್ಟಿಲ ಮೇಲೆ ಕೂತು ಕಾಯಿ ಬಿಡಿಸುವ ಹೆಂಗಸರು ಇದ್ದೇ ಇರುತ್ತಾರೆ. ಅತ್ತೆಯವರನ್ನೇ ಕರೆದುಕೊಂಡು ಹೋಗಿ, ಅವರು ಐದು ನಿಮಿಷದಲ್ಲಿ ಮಾತಿಗೆ ಕೂರುತ್ತಾರೆ. ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಎಷ್ಟು ಹೊತ್ತು ಬರುತ್ತದೆ, ಬೇಸಿಗೆಯಲ್ಲಿ ಅದು ಎಷ್ಟು ದಿನಕ್ಕೆ ಹೋಗುತ್ತದೆ ಅಂತ ಕೇಳಿ. ಊರಿಗೆ ಜಕ್ಕಲಮಡುಗು ಜಲಾಶಯದ ನೀರು ಬರುತ್ತದೆ ನಿಜ. ಆದರೆ ಆ ಬೀದಿಯ ಎತ್ತರಕ್ಕೆ, ಆ ಪೈಪಿನ ತುದಿಗೆ ಎಷ್ಟು ಮುಟ್ಟುತ್ತದೆ ಅನ್ನುವುದು ಅಲ್ಲಿ ಕೊಡ ಹಿಡಿಯುವವರಿಗೇ ಗೊತ್ತು. ಟ್ಯಾಂಕರ್ ಓಡಿಸುವವರೊಬ್ಬರನ್ನೂ ಹಿಡಿಯಿರಿ. ಕಳೆದ ಏಪ್ರಿಲ್‌ನಲ್ಲಿ ಈ ಬೀದಿಗೆ ಎಷ್ಟು ಲೋಡ್ ಹಾಕಿದ್ರಿ ಅಂತ ಕೇಳಿದರೆ ಸಾಕು.

ನೀರು ಇದ್ದರೆ ಸಾಲದು, ಕುಡಿಯುವ ಹಾಗಿರಬೇಕು. ನಮ್ಮ ಗ್ರಾನೈಟ್ ಬಂಡೆಯಲ್ಲೇ ಫ್ಲೋರೈಡ್ ಇದೆ, ಆಳದ ಬೋರ್‌ನಲ್ಲಿ ಅದು ಕರಗಿ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರ್‌ಗೆ 1 ಮಿಲಿಗ್ರಾಂವರೆಗೆ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪುತ್ತಾರೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಕಂದವಾರ ಕೆರೆಯಂಥ ಕೆರೆಗಳ ಹತ್ತಿರದ ಮನೆಯಾದರೆ ನೈಟ್ರೇಟ್ ಜೊತೆಗೆ ಬ್ಯಾಕ್ಟೀರಿಯಾ ಪರೀಕ್ಷೆಯನ್ನೂ ಮಾಡಿಸಿ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅಂತರ್ಜಲ ಏರಲಿ ಅಂತ ಮಾಡಿದ ಯೋಜನೆ ಅದು, ಕುಡಿಯಲು ಕೊಟ್ಟ ನೀರಲ್ಲ. ಬೋರ್ ನೀರನ್ನು ಒಂದು ಶುಭ್ರ ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಕೊಡುವುದು ಒಂದು ದಿನದ ಕೆಲಸ. ಬ್ಯಾಕ್ಟೀರಿಯಾ ಪರೀಕ್ಷೆಗಾದರೆ ಲ್ಯಾಬಿನವರೇ ಕೊಡುವ ಬಾಟಲಿ ಬಳಸಿ. ಫ್ಲೋರೈಡ್ ಜಾಸ್ತಿ ಬಂದರೆ ಮನೆ ಬಿಡಬೇಕಾಗಿಲ್ಲ, ಕುಡಿಯುವುದಕ್ಕೆ, ಅಡುಗೆಗೆ ಆರ್‌ಒ ಹಾಕಿಸಿದರೆ ಆಗುತ್ತದೆ. ಆದರೆ ಮಕ್ಕಳಿರುವ ಮನೆಯಲ್ಲಿ ಇದು ಮೊದಲೇ ಗೊತ್ತಿರಬೇಕು.

ಇನ್ನು ಚಳಿಗಾಲದಲ್ಲಿ ಚೆನ್ನಾಗಿ ಕಾಣುವ ವಿಷಯ. ಮಳೆ ನಿಂತು ಒಂದೂವರೆ ತಿಂಗಳಾಗಿದೆ, ಗೋಡೆ ಕುಡಿದ ನೀರು ಈಗ ಹೊರಗೆ ಬರುತ್ತಿದೆ. ಒಣಗುವಾಗ ಗೋಡೆಯೊಳಗಿನ ಉಪ್ಪು ಬಿಳಿ ಪುಡಿಯಾಗಿ ಮೇಲೆ ನಿಲ್ಲುತ್ತದೆ, ಬಣ್ಣ ಗುಳ್ಳೆ ಏಳುತ್ತದೆ. ಮಾರ್ಚ್‌ಗೆ ಇದೆಲ್ಲ ಒಣಗಿ ಉದುರಿ, ಒಂದು ಕೋಟ್ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ತೇವ ಹುಡುಕಲು ಡಿಸೆಂಬರ್‌ಗಿಂತ ಒಳ್ಳೆಯ ತಿಂಗಳಿಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ದೀಪಾವಳಿಗೆ ಎಲ್ಲರೂ ಸುಣ್ಣ ಬಣ್ಣ ಮಾಡಿಸುತ್ತಾರೆ, ಅದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಮನೆಯ ಒಂದೇ ಒಂದು ಗೋಡೆಗೆ ಹೊಸ ಬಣ್ಣ ಇದ್ದರೆ ಅಲ್ಲಿ ನಿಲ್ಲಿ. ಬೆರಳ ಗೆಣ್ಣಿನಿಂದ ತಟ್ಟಿ. ಗಟ್ಟಿ ಗೋಡೆ ಗಟ್ಟಿಯಾಗಿಯೇ ಕೇಳುತ್ತದೆ. ಗಾರೆ ಬಿಟ್ಟಿದ್ದರೆ ಟೊಳ್ಳು ಶಬ್ದ ಬರುತ್ತದೆ. ಬೀರು, ಮಂಚ, ದೊಡ್ಡ ಕ್ಯಾಲೆಂಡರ್ ಇವುಗಳ ಹಿಂದೆಯೂ ನೋಡಬೇಕು. ಕೇಳಲು ಸಂಕೋಚ ಬೇಡ. 60 ಲಕ್ಷ ಕೊಡುವವರು ಬೀರು ಸರಿಸಿ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ತೇವ ಎಲ್ಲಿದೆ ಅನ್ನುವುದರಲ್ಲೇ ಕಾಯಿಲೆ ಯಾವುದು ಅಂತ ಗೊತ್ತಾಗುತ್ತದೆ. ನೆಲದಿಂದ ಮೊಣಕಾಲು, ಸೊಂಟದ ಎತ್ತರದವರೆಗೆ ಒಂದೇ ಸಮನೆ ಪಟ್ಟೆ ಇದ್ದರೆ ಪಾಯದಿಂದ ನೀರು ಮೇಲೇರುತ್ತಿದೆ. ಸೈಜುಗಲ್ಲಿನ ಪಾಯದ ಮೇಲೆ, ಗೋಡೆ ಏಳುವ ಮೊದಲು ಹಾಕಬೇಕಾದ ಕಾಂಕ್ರೀಟ್ ಪಟ್ಟಿ ಸರಿಯಾಗಿ ಆಗಿಲ್ಲ ಅಂತ ಅರ್ಥ. ಇದು ಕಷ್ಟದ ರಿಪೇರಿ, ಪೂರ್ತಿ ಹೋಗುತ್ತದೆ ಅಂತ ನಾನು ಯಾರಿಗೂ ಮಾತು ಕೊಡುವುದಿಲ್ಲ. ಸೂರಿನ ಮೂಲೆಯಲ್ಲಿ, ಸಜ್ಜಾ ಸೇರುವ ಕಡೆ ಇದ್ದರೆ ತಾರಸಿಯ ನೀರು. ಇದನ್ನು ಸರಿ ಮಾಡಬಹುದು. ಗೋಡೆಯ ನಡುವೆ ಒಂದು ಕಡೆ ಮಚ್ಚೆಯ ಹಾಗಿದ್ದರೆ ಒಳಗಿನ ಪೈಪ್ ಸೋರುತ್ತಿರುತ್ತದೆ, ಹೆಚ್ಚಾಗಿ ಅದರ ಆ ಕಡೆ ಬಚ್ಚಲು ಇರುತ್ತದೆ.

ಬೆಳಗ್ಗೆ ಏಳು ಗಂಟೆಗೆ ಒಂದು ಸಲ, ಮಧ್ಯಾಹ್ನ ಎರಡಕ್ಕೆ ಒಂದು ಸಲ ಹೋಗಿ. ನಂದಿಬೆಟ್ಟದ ಕಡೆಯಿಂದ ಮಂಜು ಇಳಿದ ಬೆಳಗ್ಗೆ ಅಡುಗೆಮನೆ, ಬಚ್ಚಲಿನ ತಣ್ಣನೆ ಗೋಡೆಯ ಮೇಲೆ ಹಬೆ ಕೂತು ಬೆವರಿದ ಹಾಗಿರುತ್ತದೆ. ಅದು ಸೋರಿಕೆ ಅಲ್ಲ, ಮಧ್ಯಾಹ್ನಕ್ಕೆ ಒಣಗಿಬಿಡುತ್ತದೆ. ಎರಡು ಗಂಟೆಗೂ ಒದ್ದೆ ಇದ್ದರೆ ಅದು ನಿಜವಾದ ತೇವ. ಬೆಳಗ್ಗೆ ಹೋದಾಗಲೇ ಸೋಲಾರ್ ನೀರು ಬಿಟ್ಟು ನೋಡಿ. ಬೇಸಿಗೆಯಲ್ಲಿ ಎಂಥ ಸೋಲಾರ್ ಆದರೂ ಬಿಸಿನೀರು ಕೊಡುತ್ತದೆ. ಚಳಿಯ ಮುಂಜಾನೆ ಬರೀ ಉಗುರು ಬೆಚ್ಚಗೆ ಬಂದರೆ ಎಂಟು ವರ್ಷದ ಗಡಸು ನೀರಿಗೆ ಅದರ ಟ್ಯೂಬು, ಟ್ಯಾಂಕಿನ ಒಳಗೆ ಪೊರೆ ಕಟ್ಟಿರಬಹುದು. ಚಳಿಯ ಬೆಳಗ್ಗೆ ಗಾಳಿ ಮೇಲೇಳುವುದಿಲ್ಲ, ಹೊಗೆ ವಾಸನೆಗಳು ನೆಲದ ಮಟ್ಟದಲ್ಲೇ ನಿಲ್ಲುತ್ತವೆ. ರೇಷ್ಮೆ ಬಿಚ್ಚುವ ಘಟಕ, ಕೋಳಿ ಫಾರಂ, ತೆರೆದ ಮೋರಿ ಏನಿದ್ದರೂ ಆ ಹೊತ್ತಿಗೆ ಮೂಗಿಗೆ ಸಿಕ್ಕಿಬಿಡುತ್ತದೆ.

ಬಿರುಕಿನ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ಚಳಿಗೆ ಕಾಂಕ್ರೀಟ್ ಕುಗ್ಗುತ್ತದೆ, ಬೇಸಿಗೆಗೆ ಹಿಗ್ಗುತ್ತದೆ. ಗೋಡೆಗೂ ಮೋಲ್ಡಿಗೂ ನಡುವೆ ಉದ್ದಕ್ಕೆ ಎಳೆದ ಗೆರೆಯಂಥ ಬಿರುಕು ಬಿಸಿಲು ಚಳಿಗೆ ಬರುವಂಥದ್ದು, ಎಂಟು ವರ್ಷದ ಮನೆಯಲ್ಲಿ ಇಲ್ಲದಿದ್ದರೇ ಆಶ್ಚರ್ಯ. ಆದರೆ ಕಿಟಕಿಯ ಮೂಲೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಇಳಿದ ಬಿರುಕು, ಐದು ರೂಪಾಯಿ ನಾಣ್ಯದ ಅಂಚು ತೂರುವಷ್ಟು ಅಗಲವಾಗಿದ್ದರೆ, ಪಾಯ ಕುಸಿದಿರಬಹುದು. ಆಗ ನಿಮ್ಮ ಖರ್ಚಿನಲ್ಲಿ ಒಬ್ಬ ಎಂಜಿನಿಯರ್‌ಗೆ ತೋರಿಸಿ. ಹಳೆಯ ಕೆರೆ ಅಂಗಳ, ಮುಚ್ಚಿದ ಬಾವಿ, ತುಂಬಿದ ಹಳ್ಳದ ಮೇಲೆ ಎದ್ದ ಮನೆಗಳಲ್ಲಿ ಇದು ಜಾಸ್ತಿ. ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಮನೆ ಮುಂದೆ ನಿಂತರೆ ಆ ಜಾಗದ ಸರ್ವೆ ನಂಬರ್ ಬರುತ್ತದೆ, ಹತ್ತಿರ ರಾಜಕಾಲುವೆ, ಕೆರೆ ಇದ್ದರೆ ನಕ್ಷೆಯಲ್ಲಿ ಕಾಣುತ್ತದೆ. 2021ರ ನವೆಂಬರ್‌ನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದು ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಆ ವಾರ ಈ ಬೀದಿಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಪಕ್ಕದ ಮನೆಯವರನ್ನು ಕೇಳಿ. ಕೈಯಲ್ಲಿ ಎತ್ತರ ತೋರಿಸುತ್ತಾರೆ.

ಬಿಸಿಲಿನ ಲೆಕ್ಕವೂ ಸ್ವಲ್ಪ ಇದೆ. ಈಗ ಸೂರ್ಯ ದಕ್ಷಿಣಕ್ಕೆ ವಾಲಿದ್ದಾನೆ. ಡಿಸೆಂಬರ್ ಮಧ್ಯಾಹ್ನ ದಕ್ಷಿಣದ ಕಿಟಕಿಯಿಂದ ಬಿಸಿಲು ಒಳಗೆ ಬಂದು ಹಾಲ್‌ನ ನೆಲದ ಮೇಲೆ ಬೀಳುತ್ತದೆ, ಮನೆ ಬೆಳಕಾಗಿ, ಬೆಚ್ಚಗೆ, ಹಿತವಾಗಿ ಕಾಣುತ್ತದೆ. ಏಪ್ರಿಲ್ ಕೊನೆಗೆ ಅದೇ ಸೂರ್ಯ ನಮ್ಮ ನೆತ್ತಿಯ ಮೇಲೆ ಇರುತ್ತಾನೆ. ಆಗ ಬಿಸಿಲು ಕಿಟಕಿಯಿಂದ ಬರುವುದಿಲ್ಲ, ತಾರಸಿಯನ್ನು ಸುಡುತ್ತದೆ, ಸಂಜೆ ಪಶ್ಚಿಮದ ಗೋಡೆಯನ್ನು ಕಾಯಿಸುತ್ತದೆ. ಹಾಗಾಗಿ ಮಲಗುವ ಕೋಣೆ ಯಾವ ಕಡೆ ಇದೆ ನೋಡಿ. ಪಶ್ಚಿಮಕ್ಕಿದ್ದು, ಮೇಲೆ ಬರೀ ತಾರಸಿಯಾಗಿದ್ದರೆ ಬೇಸಿಗೆಯ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಪಕ್ಕದ ಸೈಟ್ ಖಾಲಿ ಇದ್ದರೆ ಅದನ್ನೂ ಗಮನದಲ್ಲಿಡಿ. ಇವತ್ತು ಆ ಕಡೆಯಿಂದ ಬರುವ ಗಾಳಿ ಬೆಳಕು, ಅಲ್ಲಿ ಮೂರು ಮಹಡಿ ಎದ್ದ ದಿನ ನಿಲ್ಲುತ್ತದೆ.

ಇಷ್ಟು ಮನೆಯ ಕಥೆ. ಪತ್ರಗಳ ಕಡೆ ಬರೋಣ.

ಇಸಿ, ಅಂದರೆ ಆಸ್ತಿಯ ಮೇಲೆ ನಡೆದ ಮಾರಾಟ, ಅಡಮಾನ ತೋರಿಸುವ ಋಣಭಾರ ಪತ್ರವನ್ನು ಕನಿಷ್ಠ 30 ವರ್ಷದ್ದು ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಈಚಿನದು ಆನ್‌ಲೈನ್‌ನಲ್ಲೇ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಕಾಯಬೇಕು, ಇದಕ್ಕೆ ದಿನ ಹಿಡಿಯುವುದರಿಂದ ಇವತ್ತೇ ಹಾಕಿಬಿಡಿ. ಇ-ಖಾತಾ, ಅಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಅನ್ನುವ ಡಿಜಿಟಲ್ ದಾಖಲೆ, ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮನೆ ನಗರಸಭೆ ವ್ಯಾಪ್ತಿಯಲ್ಲಿದ್ದರೆ ಇ-ಆಸ್ತಿಯ ಖಾತಾ, ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. ಬಿ ಖಾತಾ ಅಥವಾ 11ಬಿ ಅಂತ ಕೊಟ್ಟರೆ ಬಡಾವಣೆಗೆ ಸರಿಯಾದ ಮಂಜೂರಾತಿ ಇಲ್ಲ ಅಂತಲೇ ತಿಳಿಯಿರಿ. ಅಂಥದ್ದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ, ನಾಳೆ ನೀವು ಮಾರುವಾಗಲೂ ಅದೇ ತೊಂದರೆ. ಕೃಷಿ ಜಮೀನು ವಾಸಕ್ಕೆ ಭೂಪರಿವರ್ತನೆ ಆದ ಆದೇಶ, ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ, ಮನೆ ಕಟ್ಟಲು ಕೊಟ್ಟ ಲೈಸೆನ್ಸ್ ಇವನ್ನು ಕೇಳಿ. ಕ್ರಯಪತ್ರದಲ್ಲಿ ಬರೆದ ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ಕಡೆಯ ಗಡಿಯನ್ನು, ಜಾಗದಲ್ಲೇ ನಿಂತು ಟೇಪ್ ಹಿಡಿದು ಅಳೆದು ನೋಡಿ. ಪತ್ರದಲ್ಲಿ 30×40 ಇದ್ದು ನೆಲದ ಮೇಲೆ 28 ಅಡಿ ಬಂದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಬರೆದುಕೊಂಡಿದ್ದೇನೆ.

ಎರಡು ವಿಷಯ ನಮ್ಮ ಕಡೆ ಬಹಳ ಜನ ಮರೆಯುತ್ತಾರೆ. ಒಂದು, ಆ ಬಡಾವಣೆಯ ಮೂಲ ಜಮೀನು ಹಿಂದೆ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾ ಅನ್ನುವುದು. ಹಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿರಲಿಲ್ಲ. 2023ರ ತಿದ್ದುಪಡಿ ಆದ ಮೇಲೆ, ಎಷ್ಟೋ ವರ್ಷ ಆಯಿತಲ್ಲ, ಇನ್ನು ಯಾರು ಕೇಳುತ್ತಾರೆ ಅನ್ನುವ ಮಾತನ್ನೂ ನಂಬಿ ಕೂರುವ ಹಾಗಿಲ್ಲ. ಭೂಮಿ ಕಳೆದುಕೊಂಡವರಿಗೆ ಅದನ್ನು ಮರಳಿ ಕೇಳುವ ಹಕ್ಕು ಇರಲೇಬೇಕು, ಆ ಕಾಯ್ದೆ ನ್ಯಾಯವಾದದ್ದು. ಅದನ್ನು ನೋಡದೆ ಸೈಟು ಕೊಳ್ಳುವುದು ನಮ್ಮ ತಪ್ಪಾಗುತ್ತದೆ. ಮೂಲ ಪತ್ರದವರೆಗೆ ಹಿಂದಕ್ಕೆ ಹೋಗಿ ಓದಬಲ್ಲ ಒಬ್ಬ ವಕೀಲರಿಗೆ ಫೀಸು ಕೊಡಿ. ಬ್ಯಾಂಕಿನ ವಕೀಲರು ಬ್ಯಾಂಕಿಗಾಗಿ ನೋಡುತ್ತಾರೆ, ನಿಮಗಾಗಿ ನೋಡುವವರು ಬೇರೆಯೇ ಇರಲಿ.

ಇನ್ನೊಂದು, ಮನೆಯ ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಆಸ್ತಿಯಾಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಪಾಲು. ಮಾರುವವರು ತಂದೆಯಿಂದ ಬಂದ ಜಾಗದಲ್ಲಿ ಮನೆ ಕಟ್ಟಿದ್ದರೆ ವಂಶವೃಕ್ಷ ತೆಗೆಸಿ, ಅಕ್ಕ ತಂಗಿಯರು ಎಷ್ಟು ಜನ ಅಂತ ನೋಡಿ. ಮದುವೆಯಾಗಿ ಚಿಂತಾಮಣಿಗೋ ಹಿಂದೂಪುರಕ್ಕೋ ಹೋದವರು ಸಂಕ್ರಾಂತಿಗೆ ತವರಿಗೆ ಬರುತ್ತಾರೆ. ಎಲ್ಲರೂ ಒಟ್ಟಿಗೆ ಸಿಗುವ ಹೊತ್ತು ಅದು. ಅವರ ಎದುರಿಗೇ ಕೂತು ಮಾತಾಡಿ, ಅಗ್ರಿಮೆಂಟಿಗೆ ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಹಬ್ಬಕ್ಕೆ ಮೊದಲು ಅವಸರದಲ್ಲಿ ಅಗ್ರಿಮೆಂಟ್ ಬೇಡ ಅನ್ನಲು ನನಗೆ ಇದೊಂದೇ ಕಾರಣ ಸಾಕು.

ಈಗ ದುಡ್ಡಿನ ಲೆಕ್ಕ. 60 ಲಕ್ಷಕ್ಕೆ ಕ್ರಯ ಆಯಿತು ಅಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5, ಅಂದರೆ 3,00,000. ಅದರ ಮೇಲೆ ಶೇ 10 ಸೆಸ್ 30,000, ನಗರ ವ್ಯಾಪ್ತಿಯಲ್ಲಿ ಶೇ 2 ಸರ್‌ಚಾರ್ಜ್ 6,000. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ, ಅದು 1,20,000. ಒಟ್ಟು 4,56,000. ಹಳೆಯ ಲೆಕ್ಕ ಹಿಡಿದು ಹೊರಟವರಿಗೆ ಇಲ್ಲೇ 60,000 ಕಡಿಮೆ ಬೀಳುತ್ತಿದೆ. ಸಾಲ 30 ಲಕ್ಷ ದಾಟಿ 75 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ 80ರವರೆಗೆ ಮಾತ್ರ ಬ್ಯಾಂಕ್ ಕೊಡಬಹುದು. ಅಂದರೆ ಜಾಸ್ತಿ ಅಂದರೆ 48 ಲಕ್ಷ. ಆ ಬೆಲೆಯಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ. ಹಾಗಾಗಿ 12 ಲಕ್ಷದ ಜೊತೆ ಈ 4,56,000 ಸೇರಿ 16,56,000 ನಿಮ್ಮ ಕೈಯಲ್ಲಿರಬೇಕು. ನಮ್ಮಂಥವರು ಬಂದು ಮನೆಗೆ 56 ಲಕ್ಷ ಅಂತ ಬರೆದರೆ ಸಾಲ ಇನ್ನೂ ಇಳಿಯುತ್ತದೆ. ಬೆಂಗಳೂರು, ವಿಮಾನ ನಿಲ್ದಾಣ ಹತ್ತಿರ ಅಂತ ಹೇಳಿ ಇಲ್ಲಿ ಕೇಳುವ ಬೆಲೆಗೂ ನಿಜಕ್ಕೂ ನಡೆದ ಕ್ರಯದ ಬೆಲೆಗೂ ಅಂತರ ಇರುತ್ತದೆ. ಅದಕ್ಕೇ ಅಗ್ರಿಮೆಂಟಿಗೆ ಮೊದಲೇ ಬ್ಯಾಂಕಿಗೆ ಹೋಗಿ ಮಾತಾಡಿ. ಕ್ರಯ 50 ಲಕ್ಷ ಅಥವಾ ಅದಕ್ಕಿಂತ ಮೇಲಿರುವುದರಿಂದ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ಆದಾಯ ತೆರಿಗೆಯನ್ನು (ಟಿಡಿಎಸ್) ಹಿಡಿದು, ಅವರ ಪ್ಯಾನ್ ಹೆಸರಿನಲ್ಲಿ ನೀವೇ ಕಟ್ಟಬೇಕು. ಮುಂಗಡವನ್ನು ಬ್ಯಾಂಕ್ ಮೂಲಕವೇ ಕೊಡಿ. 20,000 ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ಆಸ್ತಿ ಮಾರಾಟಕ್ಕಾಗಿ ನಗದಿನಲ್ಲಿ ಪಡೆಯುವ ಹಾಗಿಲ್ಲ.

ಎರಡು ಲಕ್ಷದ ರಿಯಾಯಿತಿ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಅವಸರ ಮಾಡುವ ಮಾಲೀಕರೆಲ್ಲ ಮೋಸಗಾರರಲ್ಲ. ಮಾಘದಲ್ಲಿ ಮಗಳ ಮದುವೆ ಇರಬಹುದು, ಆಸ್ಪತ್ರೆ ಖರ್ಚು ಇರಬಹುದು. ಶೂನ್ಯಮಾಸದಲ್ಲಿ ಮನೆ ಕೇಳಿಕೊಂಡು ಬರುವವರು ಕಡಿಮೆ, ಹಾಗಾಗಿ ಬಂದವರನ್ನು ಬಿಡಬಾರದು ಅಂತ ಅವರಿಗೂ ಅನ್ನಿಸುತ್ತದೆ. ಯಾಕೆ ಅವಸರ ಅಂತ ನೇರವಾಗಿ, ಗೌರವದಿಂದ ಕೇಳಿ. ಕಾರಣ ಸರಿಯಾಗಿದ್ದರೆ ಹೀಗೆ ಹೇಳಿ: ನಮಗೆ ಮನೆ ಇಷ್ಟವಾಗಿದೆ, ಪತ್ರಗಳ ನಕಲು ಇವತ್ತೇ ಕೊಡಿ, ಬೋರ್ ನೋಡಲು ಬಿಡಿ, ಎಲ್ಲ ಸರಿ ಬಂದರೆ ಸಂಕ್ರಾಂತಿ ಕಳೆದ ವಾರದಲ್ಲೇ ಅಗ್ರಿಮೆಂಟ್, ಬೆಲೆ 60ಕ್ಕೇ ಇರಲಿ. ದುಡ್ಡಿನ ತುರ್ತು ನಿಜವಾಗಿದ್ದರೆ ಹೆಚ್ಚಿನವರು ಒಪ್ಪುತ್ತಾರೆ. ಅವರ ಕಷ್ಟ ಗೊತ್ತಾದ ಮೇಲೆ ಇನ್ನೂ ಇಳಿಸಿ ಅಂತ ಹಿಂಡಬೇಡಿ. ಆದರೆ ಪತ್ರದ ನಕಲು ಕೊಡದೆ, ಮೊದಲು ಮುಂಗಡ ಕೊಡಿ ಆಮೇಲೆ ತೋರಿಸುತ್ತೇವೆ ಅಂದರೆ ಎದ್ದು ಬನ್ನಿ. ಹಬ್ಬ ಆದ ಮೇಲೆ ರೇಟು ಏರುತ್ತೆ ಅನ್ನುವ ಬ್ರೋಕರ್ ಮಾತಿಗೂ ಹೆದರಬೇಡಿ. ಪತ್ರ ಸರಿಯಿಲ್ಲದ ಮನೆ 50ಕ್ಕೆ ಬಂದರೂ ದುಬಾರಿಯೇ.

ಅಗ್ರಿಮೆಂಟಿನಲ್ಲಿ ಎರಡು ಮಾತು ಬರೆಸಿ. ಬ್ಯಾಂಕ್ ಸಾಲ ಕೊಡದಿದ್ದರೆ ಅಥವಾ ಪತ್ರದಲ್ಲಿ ದೋಷ ಬಂದರೆ ಮುಂಗಡ ಪೂರ್ತಿ, ಇಷ್ಟು ದಿನದೊಳಗೆ ವಾಪಸ್. ಬೋರ್, ಮೋಟಾರ್, ಸೋಲಾರ್ ಈಗಿರುವ ಹಾಗೇ ಬಿಟ್ಟುಕೊಡಬೇಕು. ಅಗ್ರಿಮೆಂಟನ್ನು ನೋಂದಣಿ ಮಾಡಿಸಿ. ಖರ್ಚು ಅನ್ನಿಸಬಹುದು, ಆದರೆ ನೋಂದಣಿ ಆದರೆ ಅದು ಇಸಿಯಲ್ಲಿ ಕಾಣುತ್ತದೆ, ಅದೇ ಮನೆಯನ್ನು ಇನ್ನೊಬ್ಬರಿಗೆ ತೋರಿಸುವ ದಾರಿ ಮುಚ್ಚುತ್ತದೆ.

ಎಲ್ಲ ಸರಿ ಬಂದು ಮಾಘದಲ್ಲಿ ಗೃಹಪ್ರವೇಶ ಆಯಿತು ಅಂದುಕೊಳ್ಳಿ. ಮನೆಗೆ ಬಂದ ಖುಷಿಯಲ್ಲಿ ಕೂಡಲೇ ಒಳಗಿನ ಮರದ ಕೆಲಸ, ಹೊಸ ಬಣ್ಣಕ್ಕೆ ಕೈ ಹಾಕಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿರುತ್ತದೆ, ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಲು ಅದು ಸರಿಯಾದ ಹೊತ್ತು, ಮೊದಲು ಅದನ್ನು ಮುಗಿಸಿ. ತಾರಸಿಗೆ ಬಿಳಿ ಬಣ್ಣ ಹೊಡೆಸಿದರೆ ಏಪ್ರಿಲ್‌ನ ಕಾವೂ ತಗ್ಗುತ್ತದೆ. ಮಳೆನೀರಿನ ಪೈಪನ್ನು ಸಂಪಿಗೋ ಬೋರ್ ಪಕ್ಕದ ಇಂಗುಗುಂಡಿಗೋ ತಿರುಗಿಸಿ. ಮೇ ತಿಂಗಳ ಗುಡುಗು ಮಳೆ ಒಂದೆರಡು ಜೋರಾಗಿ ಬೀಳಲಿ, ಆಗ ಒಂದು ರಾತ್ರಿ ಟಾರ್ಚ್ ಹಿಡಿದು ಸೂರಿನ ಮೂಲೆಗಳನ್ನೆಲ್ಲ ನೋಡಿ. ಒಣಗಿದ್ದರೆ ಬಡಗಿಯನ್ನು, ಬಣ್ಣದವರನ್ನು ಕರೆಯಬಹುದು.